ಬ್ರೇಕ್ ಪೆಡಲಿನ ಪೂಜೆ

ಭೋಸರಿಯಲ್ಲಿ ನಮ್ಮ ವರ್ಕ್‌ಶಾಪ್ ಇದ್ದ ತೊಂಬತ್ತರ ದಶಕ. ಪಿಕಪ್‌ನ ಬ್ರೇಕ್ ಲೈಟ್ ಹತ್ತದೆ, ಹಿಂದಿನ ಟೆಂಪೊ ಬಂದು ಗುದ್ದಿತ್ತು. ಬಲ್ಬ್, ಫ್ಯೂಸ್ ಪರ್ಫೆಕ್ಟ್ ಆಗಿದ್ದವು. ಮೆಕ್ಯಾನಿಕ್ ಪೆಡಲಿನ ಸ್ವಿಚ್ಚಿನಿಂದ ಎರಡೂ ವೈರ್ ಕಳಚಿ ಒಂದಕ್ಕೊಂದು ತಾಗಿಸಿದ; ಲೈಟ್ ಹತ್ತಿತು. ಕೆಟ್ಟದ್ದು ಸ್ವಿಚ್. ಬಿಚ್ಚಿದರೆ ಒಳಗೆಲ್ಲ ತುಕ್ಕು, ಕುಂಕುಮದ ಕೆಸರು.

"ಬ್ರೇಕಿಗೆ ಕುಂಕುಮ ಬಡದು ಕಾಯಿನೀರು ಸುರದೀಯೇನಲೇ, ಮಂಗ್ಯಾ? ನಾಳಿಂದ ಬರಬ್ಯಾಡ!" ನನ್ನ ಗಂಡ ಡ್ರೈವರನ ಮೇಲೆ ಕೂಗಾಡಿದರು.

"ನಾ ಅಲ್ರಿ ಸಾಹೇಬ್ರ, ಬಾಯಾರ್ನ ಕೇಳ್ರಿ."

ಖಂಡೆನವಮಿಯ ದಿನ, ಆಯುಧಪೂಜೆಗೆಂದು, ಆ ಪೂಜೆ ಮಾಡಿದವಳು ನಾನೇ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಮೆತ್ತನೆಯ ಇಂಗ್ಲಿಷಿನಲ್ಲಿ ಗಂಡನಿಗೆ ಹೇಳಿದೆ, "ಹೀ ಈಸ್ ಲೈಯಿಂಗ್."

ಪೂರ್ ಮ್ಯಾನ್, ಇಂಗ್ಲಿಷ್ ಬಾರದ ಅವನು, ನಾನು ತನ್ನ ಪರವಾಗಿ ಬೇಡಿಕೊಳ್ಳುತ್ತಿದ್ದೇನೆಂದು ತಿಳಿದು ನನಗೆ ಕೈಮುಗಿದ.