ಅಕ್ಕನ ಬಾಗುತಲೆ ಸೂರ್ಯಕಾಂತಿ

ಜೇನುಹುಳಕ್ಕೆ ಬೇಲಿ ಗೊತ್ತಿಲ್ಲ. ನಿಮ್ಮ ಹೊಲದ ಸೂರ್ಯಕಾಂತಿಯ ಪರಾಗ ಮೆತ್ತಿಕೊಂಡು ಅದು ಪಕ್ಕದವರ ಹೂವಿನ ಮೇಲೆ ಕೂತರೆ, ಅಲ್ಲಿ ಕಟ್ಟುವ ಕಾಳಿನಲ್ಲಿ ಅರ್ಧ ರಕ್ತ ನಿಮ್ಮದು. ಡಬ್ಬಿಗಟ್ಟಲೆ ಸೂರ್ಯಕಾಂತಿ ಎಣ್ಣೆ ತಂದು ಸುರಿದುಕೊಳ್ಳುವ ನಮಗೆ ಇಷ್ಟಾದರೂ ಗೊತ್ತಿರಬೇಕಿತ್ತು. ಗೊತ್ತಿಲ್ಲ. ನಮಗೆ ಗೊತ್ತಿಲ್ಲದ್ದಕ್ಕೆ ಒಬ್ಬ ಹೆಂಗಸು ಮೂರು ವರ್ಷದಿಂದ ದಂಡ ತೆರುತ್ತಿದ್ದಾಳೆ.

ಎಣ್ಣೆ ಗಿರಣಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ‘ಸಿಪ್ಪೆ ಮೇಡಂ’ ಎಂದು. ಇಪ್ಪತ್ತೆರಡು ವರ್ಷ ಪರೀಕ್ಷೆ ಕೋಣೆಯ ಒಂದೇ ಕಿಟಕಿಯ ಪಕ್ಕ ಕೂತು, ಬಂದ ಪ್ರತಿ ಲೋಡಿನಿಂದ ನೂರು ಕಾಳು ಎಣಿಸಿ ಸುಲಿದು, ಸಿಪ್ಪೆ ಬೇರೆ ತಿರುಳು ಬೇರೆ ತೂಗುವುದು ಅವಳ ಕೆಲಸ. ಆಮೇಲೆ ಎಣ್ಣೆ ತೆಗೆದು ಚೀಟಿಯ ಮೇಲೆ ಒಂದು ಅಂಕಿ ಬರೆಯಬೇಕು. ಯಜಮಾನ ಕೇಳುತ್ತಿದ್ದುದು ಅದೊಂದೇ: “ನೂರಕ್ಕೆ ಎಷ್ಟು ಬಂತು?” ತಳಿ ಯಾವುದು, ಬೆಳೆದವರು ಯಾರು ಎಂದು ಆತ ಒಮ್ಮೆಯೂ ಕೇಳಲಿಲ್ಲ. ಬರಬರುತ್ತಾ ಅವಳು ಕಾಳು ಕಚ್ಚಿದರೇ ಅಂಕಿ ಹೇಳುವಷ್ಟು ಪಳಗಿದಳು. “ಮಿಷನ್ನಿಗಿಂತ ಇವರ ದವಡೇನೇ ವಾಸಿ” ಎಂದು ಲಾರಿ ಡ್ರೈವರುಗಳು ನಗುತ್ತಿದ್ದರು.

ಹೊಲ ಅವಳ ಅಕ್ಕನದು. ಅಂದರೆ ಇಬ್ಬರದೂ, ಆದರೆ ಮಣ್ಣಿಗಿಳಿಯುತ್ತಿದ್ದವಳು ಅಕ್ಕ. ಎರಡು ಎಕರೆ, ಒಂದೇ ಒಲೆ, ದಿನಕ್ಕೊಂದು ಜಗಳ.

“ಎಣ್ಣೆ ಎಷ್ಟಿದ್ರೇನೇ, ಹಕ್ಕಿ ತಿಂದ್ಮೇಲೆ? ತಲೆ ಎತ್ಕೊಂಡು ನಿಂತಿರೋ ಹೂವಿನ ಮೇಲೆ ಗಿಳಿ ತಟ್ಟೆ ಮುಂದೆ ಕೂತ ಹಾಗೆ ಕೂರುತ್ತೆ. ತಲೆ ತಗ್ಗಿಸಿದ್ರೆ ಅದಕ್ಕೆ ಕಾಲೂರೋಕೆ ಜಾಗ ಎಲ್ಲಿ?”

“ಹಕ್ಕಿ ಬಿಟ್ಟಿದ್ದರಲ್ಲಿ ಎಣ್ಣೆ ಇರಬೇಕಲ್ವಾ ಅಕ್ಕ? ಬರೀ ಸಿಪ್ಪೆ ಹಿಂಡ್ತೀಯಾ?”

“ಮಾತಿಗೇನು ಬರ ಇಲ್ಲ ನಿನ್ಹತ್ರ. ತಗೋ, ಇದನ್ನ ಕಚ್ಚಿ ನೋಡು.”

ಹೀಗೆ ಜಗಳವಾಡುತ್ತಲೇ ಒಂದು ತಳಿ ಹುಟ್ಟಿತು. ನೆಲ ನೋಡುವಷ್ಟು ಬಾಗಿದ ತೆನೆಗಳಿಗೆ ಅಕ್ಕ ದಾರ ಕಟ್ಟುತ್ತಿದ್ದಳು. ಅವುಗಳಲ್ಲಿ ಎಣ್ಣೆ ಹೆಚ್ಚಿರುವುದನ್ನು ಇವಳು ಊಟದ ಬಿಡುವಿನಲ್ಲಿ ಆರಿಸಿ ಕೊಡುತ್ತಿದ್ದಳು. ಇಬ್ಬರ ಜರಡಿಯಲ್ಲೂ ಉಳಿದದ್ದಷ್ಟೇ ಮುಂದಿನ ಬಿತ್ತನೆಗೆ. ಹನ್ನೊಂದು ಬೆಳೆ ಕಳೆಯುವಷ್ಟರಲ್ಲಿ ಮೂವತ್ತಮೂರಿದ್ದ ಎಣ್ಣೆ ಮೂವತ್ತೊಂಬತ್ತಕ್ಕೆ ಬಂತು. ಅಂಗಡಿಯ ಹೈಬ್ರಿಡ್ ನಲವತ್ತೆರಡು ಕೊಡುತ್ತಿತ್ತು, ನಿಜ. ಆದರೆ ಅದರ ಕಾಳನ್ನು ಮತ್ತೆ ಬಿತ್ತಿದರೆ ಒಂದು ಗಿಡ ಉದ್ದ, ಒಂದು ಕುಳ್ಳ. ವರ್ಷವರ್ಷವೂ ಅಂಗಡಿಯ ಬಾಗಿಲಿಗೇ ಹೋಗಬೇಕು. ಬಾಗುತಲೆಯ ಬೀಜಕ್ಕೆ ಅಂಗಡಿಯ ಹಂಗಿರಲಿಲ್ಲ.

ಸುತ್ತಲೂ ಹೈಬ್ರಿಡ್ ತುಂಬಿದ ಮೇಲೆ ಅಕ್ಕ ಇಪ್ಪತ್ತು ಒಳ್ಳೆಯ ಹೂಗಳಿಗೆ ತೆಳುಬಟ್ಟೆಯ ಚೀಲ ಕಟ್ಟತೊಡಗಿದಳು. ದಿನಾ ಬೆಳಿಗ್ಗೆ ಒಂದೊಂದನ್ನೇ ಬಿಚ್ಚಿ, ಒಂದರ ಪರಾಗವನ್ನು ಇನ್ನೊಂದಕ್ಕೆ ಮೆತ್ತನೆಯ ಬಟ್ಟೆಯಿಂದ ಸವರಿ, ಮತ್ತೆ ಕಟ್ಟುವಳು. ಸುಮ್ಮನೆ ಮುಚ್ಚಿಟ್ಟರೆ ಕಾಳೆಲ್ಲ ಜೊಳ್ಳು.

ಮೂರು ವರ್ಷದ ಹಿಂದೆ, ಚೀಲ ಕಟ್ಟಿದ ಮೂರನೇ ದಿನ, ಅಕ್ಕ ಜ್ವರ ಬಂದು ಮಲಗಿದವಳು ಏಳಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ ಸಿಪ್ಪೆ ಮೇಡಂ ಹೊಲಕ್ಕೆ ಹೋದಳು. ಒಂದು ಚೀಲ ಮುಟ್ಟಿದರೆ ತಳದಲ್ಲಿ ಪರಾಗ ಹಳದಿ ಹಿಟ್ಟಿನಂತೆ ಉದುರಿ ಬಿದ್ದಿತ್ತು. ಸವರುವ ಕೈ ಇರಲಿಲ್ಲ. ಇವಳಿಗೆ ಏಳು ಗಂಟೆಗೆ ಗಿರಣಿಯ ಪಾಳಿ. ‘ಅಯ್ಯೋ, ಎಲ್ಲಾ ಜೊಳ್ಳಾಗ್ತವೆ’ ಎಂದುಕೊಂಡಳು. ಇಪ್ಪತ್ತೂ ಚೀಲ ಬಿಚ್ಚಿಬಿಟ್ಟಳು. ಕಣ್ಣು ಮಿಟುಕಿಸುವಷ್ಟರಲ್ಲಿ ಜೇನು ಬಂತು. ಆ ಗುಂಯ್‌ಗುಟ್ಟುವಿಕೆ ಕೇಳಿಸಿಕೊಂಡು, ಬದುವಿನ ಮೇಲೆ ಕೂತು, ಅಕ್ಕ ಹೋದಮೇಲೆ ಮೊದಲ ಸಲ ಸಮಾಧಾನವಾಗಿ ಅತ್ತಳು.

ಕಾಳು ಗಟ್ಟಿಯಾಗಿ ತುಂಬಿತು. ಗಿರಣಿಯಲ್ಲಿ ತೂಗಿದಳು, ಎಣ್ಣೆ ತೆಗೆದಳು. ನಲವತ್ತೊಂದು! “ಅಕ್ಕಾ, ನಲವತ್ತೊಂದು ಬಂತು ಕಣೇ!” ಎಂದು ಖಾಲಿ ಕೋಣೆಯಲ್ಲಿ ಕೂಗಿದಳು. ಅಂಕಿ ನಂಬಿ ಬದುಕಿದವಳು ಅಂಕಿ ನಂಬಿಯೇ ಕೆಟ್ಟಳು. ಹೆಚ್ಚಿಗೆ ಬಂದ ಆ ಎರಡು ಅಂಕ ಪಕ್ಕದ ಹೊಲದ ಹೈಬ್ರಿಡ್‌ನದು ಎಂಬುದು ಮುಂದಿನ ಬೆಳೆ ಎದ್ದಾಗಲೇ ಹೊಳೆದದ್ದು: ಕೆಲವು ತೆನೆ ಬಾಗಿದ್ದವು, ಕೆಲವು ಸೆಟೆದಿದ್ದವು, ಕೆಲವು ಕವಲೊಡೆದಿದ್ದವು. ಸಾಲುಗಳ ನಡುವೆ ಅವಳು ಅಕ್ಕನ ಗಿಡ ಹುಡುಕುತ್ತಾ ನಡೆದಳು, ಜಾತ್ರೆಯಲ್ಲಿ ಕೈ ತಪ್ಪಿಹೋದವರನ್ನು ಹುಡುಕುವ ಹಾಗೆ.

ಉಳಿದದ್ದು ಅಕ್ಕ ತಾನೇ ಕೊಯ್ದು ತಗಡಿನ ಡಬ್ಬಿಯಲ್ಲಿ ಇಟ್ಟಿದ್ದ ಬೀಜ. ಪಕ್ಕದ ಹೊಲದವನ ಮಾತು ನಂಬಿ ಹೋದ ವರ್ಷ ಅದರಲ್ಲಿ ಅರ್ಧ ಬಿತ್ತಿದಳು. ಆತ ಹೇಳಿದ್ದು ‘ಈ ಸಲ ಸೂರ್ಯಕಾಂತಿ ಹಾಕಲ್ಲ’ ಎಂದು. ನಾಲ್ಕೇ ದಿನಕ್ಕೆ ಹಾಕಿದ. ಆ ಬೆಳೆಯೂ ಬೆರಕೆಯಾಯಿತು.

“ತಪ್ಪಾಯ್ತು ಚಿಕ್ಕಮ್ಮ. ಮಳೆ ಬಂತು, ಎಲ್ರೂ ಬಿತ್ತಿದ್ರು, ಕೈ ತಡೀಲಿಲ್ಲ. ಈ ಸಲ ಮೆಕ್ಕೆಜೋಳಾನೇ. ನಿಮ್ಮಾಣೆ.”

“ನನ್ನಾಣೆ ಬೇಡಪ್ಪ, ನಾನಿನ್ನೂ ಸ್ವಲ್ಪ ದಿನ ಬದುಕ್ಬೇಕು. ನಿನ್ನಾಣೆ ಹಾಕು.”

ಆತ ನಕ್ಕು, ತನ್ನಾಣೆಯನ್ನೇ ಹಾಕಿದ.

ಈಗ ಡಬ್ಬಿಯಲ್ಲಿರುವುದು ಒಂದು ಹಿಡಿ. ಒದ್ದೆ ಬಟ್ಟೆಯಲ್ಲಿ ಇಪ್ಪತ್ತು ಕಾಳು ಕಟ್ಟಿಟ್ಟಳು, ಮೊಳೆತದ್ದು ಏಳು. ಮುಂದಿನ ವರ್ಷಕ್ಕೆ ಅದೂ ಇರುವುದಿಲ್ಲ. ಚೀಲ ಕಟ್ಟೋಣವೆಂದರೆ ಆಳೆತ್ತರದ ಗಿಡಕ್ಕೆ ಬಲಗೈ ಏಳುವುದಿಲ್ಲ, ಭುಜ ಹಿಡಿದುಕೊಂಡಿದೆ. ಜೇನೇ ಆ ಕೆಲಸ ಮಾಡಬೇಕು. ಅದಕ್ಕೆ ಎರಡು ಕೂಗಳತೆಯಲ್ಲಿ ಬೇರೆ ಸೂರ್ಯಕಾಂತಿ ಇರಬಾರದು, ಒಂದೇ ಒಂದು ಬೆಳೆಯ ಮಟ್ಟಿಗೆ.

ಅಷ್ಟು ದೂರದೊಳಗೆ ಇರುವುದು ಮೂರು ಹೊಲ. ಇಬ್ಬರು ಒಪ್ಪಿದ್ದಾರೆ. ಮೂರನೆಯದು ಕಾಲುವೆಯಾಚೆಯ ಗೇಣಿ ಹೊಲ. “ನಂದೇನಿದೆ ಮೇಡಂ, ಹೊಲದೋರು ಫೋನಲ್ಲಿ ಹೇಳಿದ್ದು ಬಿತ್ತೋನು ನಾನು” ಎಂದು ಗೇಣಿದಾರ ನಂಬರು ಕೊಟ್ಟ. ಹೊಲದೊಡೆಯರು ಪಟ್ಟಣದವರು, ಆ ಮಣ್ಣು ತುಳಿದು ಆರು ವರ್ಷವಾಗಿದೆ.

“ಒಂದು ಹಿಡಿ ಬೀಜಕ್ಕೆ ಇಷ್ಟೆಲ್ಲಾ ಯಾಕಮ್ಮಾ? ಅಂಗಡೀಲಿ ಸಿಗಲ್ವಾ?” ಎಂದರು, ಫೋನು ಇಟ್ಟರು.

ಅವಳು ಫೋನು ಹಿಡಿದುಕೊಂಡೇ ನಿಂತಿದ್ದಳು. ಇಡೀ ಹೊಲ ಒಂದೇ ಕಡೆಗೆ ತಲೆ ಬಾಗಿಸಿ ನಿಂತಿರುವುದನ್ನು ಇನ್ನೊಮ್ಮೆ ನೋಡಬೇಕು, ಆ ಸಾಲುಗಳ ನಡುವೆ ‘ಕಚ್ಚಿ ನೋಡು’ ಎನ್ನುವವಳ ಹಿಂದೆ ನಡೆದ ಹಾಗೆ ಒಮ್ಮೆ ನಡೆಯಬೇಕು ಎಂದು ಯಾರಿಗಾದರೂ ಫೋನಿನಲ್ಲಿ ಹೇಳುವುದು ಹೇಗೆ?

ಬಿತ್ತನೆಗೆ ಇನ್ನು ಹನ್ನೆರಡು ದಿನ. ಹಳ್ಳಿಯಲ್ಲಿ ಹೊಲ ಬಿಟ್ಟು, ಪಟ್ಟಣದಲ್ಲಿ ಕೂತು ಇದನ್ನು ಓದುತ್ತಿರುವವರೇ, ಆ ಮೂರನೇ ಹೊಲ ನಿಮ್ಮದೇ ಇರಬಹುದು. ಹಾಳೆ ಮಡಚುವ ಮೊದಲು ನಿಮ್ಮ ಗೇಣಿದಾರನಿಗೆ ಫೋನ್ ಮಾಡಿ. ಪಕ್ಕದಲ್ಲಿ ಯಾರಾದರೂ ಬೀಜ ಕಾಯುತ್ತಿದ್ದಾರೆಯೇ ಎಂದು ಕೇಳಿ. ಹೌದು ಎಂದರೆ, ಈ ಒಂದು ಬೆಳೆಗೆ ಬೇರೆ ಏನಾದರೂ ಬಿತ್ತಲು ಹೇಳಿ. ನಾಳೆಯಲ್ಲ, ಈಗಲೇ.