ದೀಪಾವಳಿಗೆ ವಾಪಸ್ ಬರುವ ಇಎಸ್‌ಐ

ಯೂನಿಯನ್ ಗೆಳೆಯರೇ, ಗರ್ಭಕೋಶದ ಆಪರೇಷನ್‌ಗೆಂದು ಹೋದ ನಮ್ಮ ರತ್ನಮ್ಮನವರನ್ನು ಇಂದು ಇಎಸ್‌ಐ ಆಸ್ಪತ್ರೆಯಿಂದ ವಾಪಸ್ ಕಳಿಸಿದರು. ಅವರ ಹೆಸರೇ ನೋಂದಣಿಯಾಗಿಲ್ಲವಂತೆ. ವಿದ್ಯಾರಣ್ಯಪುರಂನ ನಮ್ಮ ಊದುಬತ್ತಿ ಘಟಕದಲ್ಲಿ ಆರು ವರ್ಷಗಳಿಂದ ಅವರ ಸಂಬಳದಲ್ಲಿ ಇಎಸ್‌ಐ ಎಂದು ಹಣ ಹಿಡಿಯುತ್ತಿದ್ದಾರೆ.

ಮಾಲೀಕರನ್ನು ನೇರವಾಗಿ ಕೇಳಿದೆ. ಅವರಿಗೆ ನಾಚಿಕೆಯಾಗಲಿಲ್ಲ, ನಿಜಕ್ಕೂ ನೋವಾಯಿತು.

"ಹಿಡಿದಿದ್ದನ್ನೆಲ್ಲ ದೀಪಾವಳಿಗೆ ಸ್ವೀಟ್ ಡಬ್ಬದ ಜೊತೆ ಕೊಟ್ಬುಡ್ತೀನಲ್ಲಪ್ಪ! ಒಂದು ರೂಪಾಯಿ ತಿಂದಿದ್ರೆ ಹೇಳು."

"ಅದನ್ನ ಕಟ್ಟಬೇಕಾದ್ದು ಇಎಸ್‌ಐಗೆ ಸಾರ್. ಜೊತೆಗೆ ಅದರ ನಾಲ್ಕು ಪಟ್ಟಿಗಿಂತ ಹೆಚ್ಚು ನೀವು ಹಾಕಬೇಕು."

"ನನ್ ಕೈಯಿಂದಾನಾ? ನಂಗ್ಯಾರೂ ಹೇಳ್ಲೇ ಇಲ್ವಲ್ಲ!"

ನೀವು ಯಾರನ್ನಾದರೂ ಕೇಳಿದ್ರಾ ಎನ್ನುವಷ್ಟರಲ್ಲಿ ರತ್ನಮ್ಮನೇ ನನ್ನ ತೋಳು ಹಿಡಿದೆಳೆದರು. "ಸುಮ್ನಿರು ಕಣಪ್ಪ. ಪಾಪ, ಒಂದ್ ವರ್ಷಾನೂ ತಪ್ಪಿಸ್ದೆ ಕೊಟ್ಟವ್ರೆ. ಈ ಕಾಲ್ದಲ್ಲಿ ಯಾರ್ ಕೊಡ್ತಾರೆ?" ಎಂದವರು ಕಿಬ್ಬೊಟ್ಟೆ ಒತ್ತಿಕೊಂಡು ಮತ್ತೆ ಪ್ಯಾಕಿಂಗ್‌ಗೆ ಕುಳಿತರು. ಉಳಿದ ಹನ್ನೆರಡು ಮಂದಿ ನನ್ನನ್ನೇ ದುರುಗುಟ್ಟಿ ನೋಡಿದರು.

ಕೆಟ್ಟ ಮಾಲೀಕನನ್ನು ಎದುರಿಸುವುದು ಹೇಗೆಂದು ಹೇಳುವ ಕರಪತ್ರಗಳು ನನ್ನ ಬಳಿ ಒಂದು ಚೀಲದಷ್ಟಿವೆ. ಒಳ್ಳೆಯ ಮಾಲೀಕನ ಬಗ್ಗೆ ಬರೆದದ್ದು ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಕಳಿಸಿ.