ಕೈ ಚಾಚಿದರೆ ಸಾಲದ ಊರು

ಹುಬ್ಬಳ್ಳಿಯ ಮನೆ ಬಾಡಿಗೆ ನಮ್ಮ ಕೈಗೆ ಎಟುಕದೇ ಇರಲಿ ಎಂದು ನಾನು ದೇವರಲ್ಲಿ ಬೇಡಿಕೊಂಡಿದ್ದೆ. ಚಂದಗುಳಿಯ ಗಣಪತಿಯ ಮುಂದೆ ನಿಂತು ನನ್ನ ಗಂಡ, ಮಗಳಿಗೆ ಮಾತು ಬಂದರೆ ಗಂಟೆ ಕಟ್ಟುತ್ತೇನೆ ಎಂದು ಹರಕೆ ಹೇಳಿಕೊಳ್ಳುತ್ತಿದ್ದರು. ಪಕ್ಕದಲ್ಲೇ ಕೈಮುಗಿದು ನಿಂತಿದ್ದ ನನ್ನ ಮನಸ್ಸಿನಲ್ಲಿ ಇದ್ದದ್ದು ಬಾಡಿಗೆ. ಎರಡೂ ಬೇಡಿಕೆ ಒಂದಕ್ಕೊಂದು ಅಡ್ಡ ಎಂದು ಗೊತ್ತಿದ್ದೇ ಬೇಡಿಕೊಂಡೆ. ವಾಪಸು ಬರುವಾಗ ಬೈಕಿನ ಹಿಂದೆ ಕೂತು, ಗಣಪತಿ ಇಬ್ಬರಲ್ಲಿ ಯಾರದನ್ನು ಕೇಳಿಸಿಕೊಂಡನೋ ಎಂದು ಹೆದರಿಕೆಯಾಯಿತು.

ಮಗಳಿಗೆ ಆಗ ನಾಲ್ಕು ತುಂಬಿತ್ತು. ಹುಟ್ಟಿನಿಂದಲೇ ಕಿವಿ ಮಂದ. ಎರಡೂ ಕಿವಿಗೆ ಮಷಿನ್ ಹಾಕಿಸಿದ ಮೇಲೆ ಶಬ್ದವೇನೋ ಕೇಳತೊಡಗಿತು, ಮಾತು ಮಾತ್ರ ಹೊರಗೆ ಬರಲಿಲ್ಲ. ಅದಕ್ಕೆ ತರಬೇತಿ ಬೇಕು, ಅದೂ ಈ ವಯಸ್ಸಿನಲ್ಲೇ ಆಗಬೇಕು, ಬೆಳೆದ ಮೇಲೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಮಾತು ಕಲಿಸುವ ಮೇಡಂ ಇದ್ದದ್ದು ಹುಬ್ಬಳ್ಳಿಯಲ್ಲಿ, ನಾವಿದ್ದದ್ದು ಯಲ್ಲಾಪುರದಲ್ಲಿ. ದಿನ ಬಿಟ್ಟು ದಿನ ಬೆಳಗಿನ ಬಸ್ಸು ಹತ್ತುತ್ತಿದ್ದೆವು. ಲಾರಿಗಳ ಹಾರ್ನು, ಬಸ್ಸಿನ ಗಡಗಡ ಎಲ್ಲ ಮಷಿನ್‌ನಲ್ಲಿ ಇಮ್ಮಡಿಯಾಗಿ ಕೇಳುತ್ತಿತ್ತೋ ಏನೋ, ಕಿರವತ್ತಿ ಬರುವಷ್ಟರಲ್ಲಿ ಅವಳು ಎರಡನ್ನೂ ಕಿತ್ತು ನನ್ನ ಮಡಿಲಿಗೆ ಹಾಕಿರುತ್ತಿದ್ದಳು. ಕಲಘಟಗಿ ದಾಟುವಾಗ ನಿದ್ದೆ. ಮೇಡಂ ಎದುರು ಕೂರಿಸಿದರೆ ತೂಕಡಿಕೆ. ಬರುವಾಗ ವಾಂತಿ. ಕಲಿಯುವ ವಯಸ್ಸೆಲ್ಲ ಬಸ್ಸಿನಲ್ಲೇ ಕಳೆದುಹೋಗುತ್ತದಲ್ಲ ಎಂದು ನನಗೆ ಹೆದರಿಕೆಯೂ ಸಿಟ್ಟೂ ಬರುತ್ತಿದ್ದವು. ಕಿಟಕಿ ಪಕ್ಕದ ಸೀಟಿಗಾಗಿ ಯಾರಾದರೂ ತಕರಾರು ತೆಗೆದರೆ ಆ ಸಿಟ್ಟನ್ನೆಲ್ಲ ಅವರ ಮೇಲೆ ಹಾಕುತ್ತಿದ್ದೆ.

ಹಾಗಾಗಿ ಹುಬ್ಬಳ್ಳಿಗೇ ಹೋಗಿ ಇದ್ದರೆ ಹೇಗೆ ಎಂಬ ಮಾತು ಮನೆಯಲ್ಲಿ ಎದ್ದಿತು. ಎಬ್ಬಿಸಿದವರು ಇವರೇ. ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಇವರದೊಂದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸರ್ ಬಿಚ್ಚಿ ಒಳಗಿನ ತಾಮ್ರದ ತಂತಿ ಹೊಸದಾಗಿ ಸುತ್ತುವ ಕೆಲಸ. ಇಡಗುಂದಿ ಕಡೆಯಿಂದ ಪಂಪು ಹೊತ್ತು ತಂದವರು ಅಲ್ಲೇ ಸ್ಟೂಲಿನ ಮೇಲೆ ಕೂತು, ಚಹಾ ಕುಡಿದು, ಊರಿನ ಸುದ್ದಿಯೆಲ್ಲ ಮುಗಿಸಿ ಏಳುತ್ತಿದ್ದರು. ಹುಬ್ಬಳ್ಳಿಯಲ್ಲಿ ಸ್ವಂತ ಅಂಗಡಿ ಹಾಕುವುದು ನಮ್ಮಿಂದ ಆಗದ ಮಾತು. ದೊಡ್ಡ ವರ್ಕ್‌ಶಾಪೊಂದರಲ್ಲಿ ಸಂಬಳಕ್ಕೆ ನಿಲ್ಲಬೇಕು.

"ಇಲ್ಲಿ ಮಾಲಕ, ಅಲ್ಲಿ ಆಳು. ಆಗಲೇಳು," ಎಂದರು ಇವರು. "ಬೈಸ್ಕೊಳ್ಳೋದು ನನಗೇನ್ ಹೊಸದಾ? ಮನ್ಯಾಗ ಅಭ್ಯಾಸ ಆಗೇತಿ."

ನಾನು ನಗಲಿಲ್ಲ. ಇವರು ಯಾರ ಕೈಕೆಳಗೂ ನಿಂತವರಲ್ಲ. ಇನ್ನೊಬ್ಬರು ಹೇಳಿದ ಹೊತ್ತಿಗೆ ಊಟಕ್ಕೆ ಏಳುವ ಗಂಡನನ್ನು ನೆನೆದರೆ ನನಗೇ ಅವಮಾನವಾದಂತೆ ಇತ್ತು.

ಮೇಡಂಗೆ ನನ್ನ ಮೇಲೆ ಬೇರೆಯೇ ಸಿಟ್ಟು. ಅವರ ಕೋಣೆಯಲ್ಲಿ ಚಿತ್ರ ತೋರಿಸಿದರೆ ಮಗಳು ಅಪ್ಪ, ಬಾ, ಕೊಡು ಎಂದೆಲ್ಲ ಒಡ್ಡೊಡ್ಡಾಗಿ ಹೇಳುತ್ತಿದ್ದಳು. ಬಾಗಿಲು ದಾಟಿದರೆ ಮುಗಿಯಿತು, ಬಾಯಿಗೆ ಬೀಗ. ಒಂದು ದಿನ ಪಾಠ ಮುಗಿದು ಮಗಳು ನನ್ನ ಚೀಲದ ಕಡೆ ನೋಡಿದಳು. ನಾನು ನೀರಿನ ಬಾಟಲಿ ತೆಗೆದು ಕೊಟ್ಟೆ. ಮೇಡಂ ಪೆನ್ನು ಕೆಳಗಿಟ್ಟರು.

"ನೋಡ್ರಿ, ಆಕಿ ಕೇಳಲೇ ಇಲ್ಲ. ನೀವು ಕೊಟ್ಟುಬಿಟ್ರಿ. ಎಲ್ಲಾ ಹಿಂಗ ಸಿಕ್ಕರ ಆಕೀಗ ಮಾತು ಯಾಕ್ ಬೇಕು ಹೇಳ್ರಿ?"

"ಬಾಯಾರಿದ ಮಗೂಗೆ ನೀರೂ ಕೊಡಬಾರದೇನ್ರಿ?" ಎಂದು ನಾನು ತಿರುಗಿ ಬಿದ್ದೆ. ಬಸ್ಸಿನಲ್ಲಿ ಕೂತ ಮೇಲೆ ಅವರ ಮಾತು ಸರಿ ಅನಿಸಿತು, ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

ನಾನೊಬ್ಬಳು ಕೈ ಬಿಗಿಹಿಡಿದರೆ ಸಾಕಿತ್ತೇ? ನಮ್ಮ ಬೀದಿಗೆ ಬೀದಿಯೇ ಅವಳ ಮಾತಿನ ಕೆಲಸವನ್ನು ಮಾಡಿಕೊಡುತ್ತಿತ್ತು. ಗಲ್ಲಕ್ಕೆ ಬೆರಳು ಮುಟ್ಟಿಸಿದರೆ ದೋಸೆ, ಎರಡೂ ಕೈ ತಲೆಯ ಮೇಲಿಟ್ಟರೆ ಮನೆಗೆ ಹೋಗೋಣ, ಇವೆಲ್ಲ ಅವಳೇ ಕಟ್ಟಿಕೊಂಡ ಸನ್ನೆಗಳು. ಅವು ಗೊತ್ತಿಲ್ಲದವರು ಆಸುಪಾಸಿನಲ್ಲಿ ಯಾರೂ ಇರಲಿಲ್ಲ. ಮೂಲೆಯ ಹಣ್ಣಿನಂಗಡಿಯ ಚಾಚಾ ಅವಳು ದೂರದಲ್ಲಿ ಕಂಡರೆ ಸಾಕು, ಗೊನೆಯಿಂದ ಒಂದು ಹಣ್ಣು ಮುರಿದು ಹಿಡಿದುಕೊಂಡೇ ನಿಂತಿರುತ್ತಿದ್ದರು. ಅವಳು ಕೇಳುವ ತನಕ ಕೊಡಬೇಡಿ ಎಂದು ಮೇಡಂ ಹೇಳಿದ್ದನ್ನೆಲ್ಲ ಅವರಿಗೆ ವಿವರಿಸಿದೆ. ಮಾರನೆಯ ದಿನ ಚಾಚಾ ಹಣ್ಣನ್ನು ಬೆನ್ನ ಹಿಂದೆ ಹಿಡಿದು ನಿಂತರು. ಮಗಳು ಕೈ ಚಾಚಿದಳು. ಅವರು ಆಕಾಶ ನೋಡಿದರು. ಅವಳ ತುಟಿ ಸೊಟ್ಟಗಾಗುತ್ತಿದ್ದಂತೆ ಹಣ್ಣು ಅವಳ ಕೈಯಲ್ಲಿತ್ತು.

"ನನ್ನ ಹತ್ರ ಆಗೋದಿಲ್ಲಮ್ಮ," ಎಂದರು ಚಾಚಾ. ಅವರ ಕಣ್ಣಲ್ಲಿ ನೀರಿತ್ತು. "ಮಗು ಕೈ ಚಾಚ್ತದೆ, ನಾನು ಕಲ್ಲಿನ ಹಾಗೆ ನಿಂತ್ಕೊಳ್ಳೋದಾ? ಬೇರೆ ಎಂತದಾದ್ರೂ ಹೇಳು, ಮಾಡ್ತೇನೆ."

ಪಕ್ಕದ ಮನೆಯ ಹೆಗಡೇರ ಹೆಂಡತಿಯದು ಇನ್ನೊಂದು ಸಮಾಧಾನ. "ಮಕ್ಕ ತಂತಾನೇ ಮಾತಾಡ್ತ. ಎಂತ ಆಗ್ತಿಲ್ಲೆ, ಹೆದ್ರಡ," ಎನ್ನುತ್ತಲೇ ಮಗಳ ಗಲ್ಲದ ಮೇಲಿನ ಬೆರಳು ನೋಡಿ ದೋಸೆಗೆ ಕಾವಲಿ ಇಡುತ್ತಿದ್ದರು. ಇಷ್ಟು ಪ್ರೀತಿ ಮಾಡುವವರನ್ನು ಬಿಟ್ಟು ಯಾವ ಊರಿಗೆ ಹೋಗಲಿ ಎಂದು ನಾನು ಸಂಕಟಪಡುತ್ತಿದ್ದೆ. ಈ ಪ್ರೀತಿಯಲ್ಲೇ ಅವಳು ಮೂಕಿಯಾಗಿ ಉಳಿದುಬಿಟ್ಟರೆ ಎಂಬುದೂ ಅದೇ ಹೊತ್ತಿಗೆ ನೆನಪಾಗುತ್ತಿತ್ತು.

ಕೊನೆಗೆ ಇವರೇ ಒಂದು ದಾರಿ ಹುಡುಕಿದರು. ಇವರ ಅಕ್ಕ ಹುಬ್ಬಳ್ಳಿಯಲ್ಲಿದ್ದರು. ಅವರ ಮನೆಯ ಮೇಲಿನ ಕೋಣೆ ಖಾಲಿ ಇತ್ತು. ನಾನೂ ಮಗಳೂ ಅಲ್ಲಿ ಒಂದು ತಿಂಗಳು ಬೇರೆ ಒಲೆ ಹೂಡಿ ಇದ್ದು ನೋಡುವುದು, ಖರ್ಚು ಎಷ್ಟು ಬರುತ್ತದೆ, ಊರು ಹಿಡಿಸುತ್ತದೋ ಇಲ್ಲವೋ ಗೊತ್ತಾಗುತ್ತದೆ. ಇವರು ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ನಾನು ಅಕ್ಕಿ, ತೆಂಗಿನಕಾಯಿ, ಜೋನಿಬೆಲ್ಲ, ಮಾವಿನಮಿಡಿ ಉಪ್ಪಿನಕಾಯಿ, ಹೆಗಡೇರ ಮನೆಯವರು ಕೊಟ್ಟ ತುಪ್ಪ, ಚಾಚಾ ಕಟ್ಟಿಕೊಟ್ಟ ಬಾಳೆಗೊನೆ ಎಲ್ಲ ಹೇರಿಕೊಂಡು ಹೋದೆ. ವಾರ ಕಳೆದ ಮೇಲೆ ಖರ್ಚು ಬಹಳ ಕಡಿಮೆ ಎಂದು ಇವರಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಅಕ್ಕ ಕೇಳಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏ ಹುಚ್ಚಿ, ಯಲ್ಲಾಪುರದ ಅಕ್ಕಿ ಉಂಡು ಹುಬ್ಬಳ್ಳಿ ಖರ್ಚು ನೋಡಾಕ ಬಂದೀಯೇನು?"

ಆಮೇಲೆ ಚೀಲ ಕಟ್ಟಿಟ್ಟು ಎಲ್ಲವನ್ನೂ ಕೊಂಡು ತರತೊಡಗಿದೆ. ಜನ್ಮದಲ್ಲಿ ಕರಿಬೇವಿಗೆ ದುಡ್ಡು ಕೊಟ್ಟವಳಲ್ಲ ನಾನು. ನಿಂಬೆಹಣ್ಣು, ವೀಳ್ಯದೆಲೆ, ಕೊನೆಗೆ ಮಜ್ಜಿಗೆಗೂ ದುಡ್ಡು! ಒಂದೊಂದರ ರೇಟು ಕೇಳಿದಾಗಲೂ ಬಾಯಲ್ಲಿ ಬೈಯುತ್ತಿದ್ದೆ, ಒಳಗೊಳಗೆ ಖುಷಿಪಡುತ್ತಿದ್ದೆ. ನಮಗೆ ಪೂರೈಸುವುದಿಲ್ಲ ಎಂದು ಹೇಳಲು ಕಾರಣಗಳು ಸೇರುತ್ತಿದ್ದವು. ನೀರು ಬಿಡುವ ದಿನ ಓಣಿಯವರೆಲ್ಲ ಕೆಲಸ ಬಿಟ್ಟು ಬ್ಯಾರೆಲ್ಲು, ಕೊಡ, ಬಕೆಟ್ಟು ತುಂಬಿಕೊಳ್ಳುವುದನ್ನು ನೋಡಿ ಅದನ್ನೂ ಸೇರಿಸಿಕೊಂಡೆ. ಬಾಡಿಗೆ ಮನೆ ನೋಡಲು ಹೋದಾಗ ಒಬ್ಬ ಮನೆಮಾಲಕಿ ಮಗಳ ಕಿವಿ ನೋಡಿ, "ಭಾಳ ಕಿರಚ್ತಾಳೇನ್ರಿ? ಮ್ಯಾಲೆ ನಮ್ಮ ಹುಡುಗ ಓದ್ತಿರ್ತಾನ," ಎಂದರು. ಇವಳು ಕಿರುಚಲಿ ಎಂದೇ ನಾನು ಊರು ಬಿಟ್ಟು ಬಂದಿದ್ದೇನೆ ಎಂದು ಹೇಳಿ ಮೆಟ್ಟಿಲಿಳಿದೆ. ರಸ್ತೆಗೆ ಬಂದು ಅತ್ತೆ. ಆದರೂ ಆ ವಾರವೇ ಇನ್ನೊಂದು ಓಣಿಯಲ್ಲಿ ಒಂದು ಮನೆ ಸಿಕ್ಕಿತು. ಒಂದೇ ಕೋಣೆ, ಅಡಿಗೆಗೆ ಒಂದು ಮೂಲೆ, ಗಾಳಿಯಿಲ್ಲ. ಹಬ್ಬಕ್ಕೆ ಬಟ್ಟೆ ಬೇಡ, ಊರಿಗೆ ಪದೇ ಪದೇ ಓಡುವುದು ಬೇಡ ಎಂದರೆ ಇವರ ಸಂಬಳದಲ್ಲಿ ಹೇಗೋ ತಳ್ಳಬಹುದಾದಂಥ ಬಾಡಿಗೆ. ಅದನ್ನು ಇವರಿಗೆ ಹೇಳದೆ ಎರಡು ದಿನ ನುಂಗಿಕೊಂಡಿದ್ದೆ.

ಮಗಳು ಬಸ್ಸಿನ ಸುಸ್ತಿಲ್ಲದೆ ಪಾಠಕ್ಕೆ ಎಚ್ಚರವಾಗಿ ಕೂರುತ್ತಿದ್ದಳು, ಅದೊಂದು ನಿಜ. ಹೊರಗೆ ಮಾತ್ರ ಅದೇ ಮೌನ. ಅಂದು ಪಾಠ ಮುಗಿಸಿ ಸಂಜೆ ವಾಪಸು ಬರುವಾಗ ರಸ್ತೆ ಬದಿಯಲ್ಲಿ ಒಂದು ಗಿರ್ಮಿಟ್ ಗಾಡಿ. ಕುದಿಯುವ ಎಣ್ಣೆ, ಬಿಸಿ ಬಜಿ, ಸುತ್ತ ಜನವೋ ಜನ. ಅವಳಿಗೆ ಬಜಿ ಎಂದರೆ ಪ್ರಾಣ. ನನ್ನ ಕೈ ಬಿಡಿಸಿಕೊಂಡು ಜನರ ಸಂದಿಯಲ್ಲಿ ನುಗ್ಗಿ ಗಾಡಿಯ ಅಂಚು ಹಿಡಿದು ನಿಂತಳು, ಕೈ ಚಾಚಿದಳು. ಅಲ್ಲಿ ಎಲ್ಲರದ್ದೂ ಕೈ ಚಾಚಿಯೇ ಇತ್ತು. ಎತ್ತರದವರ ಕೈಗಳು ಅವಳ ತಲೆಯ ಮೇಲಿಂದ ಹಾದು ತಟ್ಟೆ ಇಸಿದುಕೊಂಡವು. ಅವಳು ಗಾಡಿಯವನ ಮುಖ ನೋಡಿದಳು. ಅವನಿಗೆ ಎಣ್ಣೆಯ ಕಡೆ ಲಕ್ಷ್ಯ. ಬೆರಳು ತೋರಿಸಿದಳು, ಯಾರೂ ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದಳು.

ಇವಳಿಗೊಂದು ಬಜಿ ಕೊಡಪ್ಪಾ ಎನ್ನಲು ನನಗೆ ಎಷ್ಟು ಹೊತ್ತು ಬೇಕು? ಮಾತು ಗಂಟಲಿಗೆ ಬಂದಿತ್ತು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಮುಖ ಬೇರೆ ಕಡೆ ತಿರುಗಿಸಿದೆ. ನನ್ನಂಥ ಪಾಪಿ ತಾಯಿ ಇಲ್ಲ ಎನಿಸಿತು.

"ನಂಗೂ!"

ಒಡಕು ದನಿ. ಮೊದಲು ಅದು ಯಾರದೆಂದು ನನಗೇ ಗೊತ್ತಾಗಲಿಲ್ಲ. ನಮ್ಮ ಮನೆಯಲ್ಲಿ ಆ ದನಿಯನ್ನು ಯಾರೂ ಕೇಳಿರಲಿಲ್ಲ. ಕಾಲು ನೆಲಕ್ಕೆ ಅಪ್ಪಳಿಸಿ ಮತ್ತೊಮ್ಮೆ ಕೂಗಿದಳು: "ನಂಗೂ! ಕೊಡು!"

ಗಾಡಿಯವನು ತಲೆ ಎತ್ತಲೂ ಇಲ್ಲ. "ತಡಿಯವಾ, ಕೊಡ್ತೇನಿ. ಎಲ್ಲಾರೂ ನಿಂತಿಲ್ಲೇನು? ಏನ್ ಬೇಕು ನಿನಗ, ಬಜಿಯೋ ಗಿರ್ಮಿಟ್ಟೋ?"

ಅವನಿಗೆ ಅದೊಂದು ದೊಡ್ಡ ಸಂಗತಿಯೇ ಆಗಿರಲಿಲ್ಲ. ಗಲಾಟೆ ಮಾಡುವ ಹತ್ತಾರು ಗಿರಾಕಿಗಳಲ್ಲಿ ಅವಳೂ ಒಬ್ಬಳು. "ಬ..ಜಿ," ಎಂದಳು ಮಗಳು, ಅಳುತ್ತಲೇ, ತುಟಿ ಒತ್ತಿ. ಅವನು ಕಾಗದದಲ್ಲಿ ಸುತ್ತಿ ಕೊಟ್ಟು, ನನ್ನ ಮುಖ ನೋಡಿ, ರೇಟು ಜಾಸ್ತಿಯಾಯಿತೆಂದು ಅಳುತ್ತಿದ್ದೇನೆ ಎಂದುಕೊಂಡನೋ ಏನೋ, "ಎಲ್ಲಾ ಕಡೆ ಇದೇ ರೇಟ್ ಅದರಿ ಅಕ್ಕಾರ," ಎಂದ.

ಆ ಊರಿನ ಮೇಲೆ ನನಗೆ ಆಗಲೂ ಪ್ರೀತಿ ಹುಟ್ಟಲಿಲ್ಲ. ಧೂಳು, ಹೊಗೆ, ಯಾರಿಗೂ ಯಾರ ಗೊಡವೆಯೂ ಇಲ್ಲ. ಆ ಗೊಡವೆಯಿಲ್ಲದ ಜನರ ನಡುವೆ ನನ್ನ ಮಗಳು ಬಾಯಿ ತೆರೆದಿದ್ದಳು. ಇಷ್ಟು ದಿನ ಕೂಡಿಟ್ಟುಕೊಂಡಿದ್ದ ಕಾರಣಗಳಲ್ಲಿ ಒಂದೂ ನನ್ನ ಬಳಿ ಉಳಿಯಲಿಲ್ಲ. ಖುಷಿಯಾಗಬೇಕಾದ ಹೊತ್ತಿನಲ್ಲಿ ನನ್ನ ಬೀದಿ, ನನ್ನ ಜನ ಎಲ್ಲ ಹೋಯಿತು ಎಂದೇ ದುಃಖ ಒತ್ತರಿಸಿ ಬಂತು.

ಅಲ್ಲೇ ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು ಇವರಿಗೆ ಫೋನು ಹಚ್ಚಿದೆ. ನಡೆದದ್ದನ್ನು ಹೇಳಿದೆ, ನುಂಗಿಕೊಂಡಿದ್ದ ಮನೆಯ ವಿಷಯವನ್ನೂ ಹೇಳಿದೆ. ಅತ್ತ ಕಡೆ ಅಂಗಡಿಯಲ್ಲಿ ಯಾರದೋ ಮೋಟರು ಗುಂಯ್ಗುಡುತ್ತಿತ್ತು, ಇವರು ಅದನ್ನು ಬಂದ್ ಮಾಡಿದ್ದು ಕೇಳಿಸಿತು. ಮೂಗು ಒರೆಸಿಕೊಂಡರೋ ಏನೋ.

"ನಿನಗ ಅಲ್ಲಿ ಇರಾಕ ಆಗ್ತದೇನು?" ಎಂದು ಕೇಳಿದರು.

"ಆಗಂಗಿಲ್ರಿ," ಎಂದೆ. "ನಾಳೆ ಮುಂಜಾನೆ ಬರ್ರಿ, ಮನಿಗೆ ಅಡ್ವಾನ್ಸ್ ಕೊಟ್ಟು ಬರೂಣು."